ದಾಯಾದಿ ಮತ್ಸರವೂ ಅಭಿಮಾನಿಗಳ ಹಗೆಯೂ

ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಉದ್ಯೋಗದಲ್ಲಿರುವ ನನ್ನ ಶಿಷ್ಯನೊಬ್ಬನು ಇತ್ತೀಚೆಗೆ ಬಾಶೆಟ್ಟಿಹಳ್ಳಿಗೆ ಬಂದಿದ್ದಾಗ ನನ್ನನ್ನು ಕಾಣಲು ಮನೆಗೆ ಬಂದನು. ಕಾಫಿ ಕುಡಿಯುತ್ತ ಕುಳಿತಿದ್ದಾಗ ಒಂದು ಪ್ರಶ್ನೆ ಕೇಳಿದನು. “ಮೇಷ್ಟ್ರೇ, ನಾನಿರುವ ರಾಜ್ಯದಲ್ಲಿ ಎರಡು ದೊಡ್ಡ ವಿಶ್ವವಿದ್ಯಾಲಯಗಳಿವೆ. ಒಂದೇ ರಾಜ್ಯ, ಒಂದೇ ಭಾಷೆ, ಭಾನುವಾರ ಹೋಗುವ ಚರ್ಚೂ ಎಷ್ಟೋ ಮಂದಿಗೆ ಒಂದೇ. ಆದರೆ ವರ್ಷಕ್ಕೊಮ್ಮೆ ಅವೆರಡರ ನಡುವೆ ಫುಟ್‌ಬಾಲ್ ಪಂದ್ಯ ನಡೆಯುವ ವಾರದಲ್ಲಿ ಅಕ್ಕಪಕ್ಕದ ಮನೆಯವರೇ ಮಾತು ಬಿಡುತ್ತಾರೆ. ಹೊರರಾಜ್ಯದ ತಂಡಕ್ಕೆ ಸೋತರೆ ಸಹಿಸುತ್ತಾರೆ, ತಮ್ಮದೇ ರಾಜ್ಯದ ಇನ್ನೊಂದು ತಂಡಕ್ಕೆ ಸೋತರೆ ಊಟ ಸೇರುವುದಿಲ್ಲ. ಇದೇಕೆ ಹೀಗೆ?”

ನಾನು ಹೇಳಿದೆ: “ಇದನ್ನು ನೋಡಲು ನೀನು ಅಷ್ಟು ದೂರ ಹೋಗಬೇಕಾಗಿರಲಿಲ್ಲವಪ್ಪ. ಎಂಟನೆಯ ತರಗತಿಯಲ್ಲಿ ನಿನ್ನ ನೋಟ್‌ಬುಕ್ಕಿನ ಹೊದಿಕೆಯ ಮೇಲೆ ಯಾರ ಚಿತ್ರವಿತ್ತು, ನಿನ್ನ ಪಕ್ಕದಲ್ಲಿ ಕೂರುತ್ತಿದ್ದವನ ಹೊದಿಕೆಯ ಮೇಲೆ ಯಾರ ಚಿತ್ರವಿತ್ತು, ನೆನಪು ಮಾಡಿಕೋ.” ಅವನು ನಕ್ಕುಬಿಟ್ಟನು. ಅವನದು ವಿಷ್ಣುವರ್ಧನ್ ಪಕ್ಷ, ಪಕ್ಕದವನದು ರಾಜ್‌ಕುಮಾರ್ ಪಕ್ಷ. ಇಬ್ಬರೂ ಒಂದೇ ಬೀದಿಯವರು. ಆ ಕಾಲದಲ್ಲಿ ನಮ್ಮ ಶಾಲೆಯಲ್ಲಿ ಓದಿದವರೆಲ್ಲರೂ ಇದನ್ನು ಬಲ್ಲರು.

ಅವನು ನಮಸ್ಕರಿಸಿ ಹೊರಟುಹೋದ ಮೇಲೂ ಪ್ರಶ್ನೆ ನನ್ನಲ್ಲಿ ಉಳಿಯಿತು. ಚರಿತ್ರೆಯನ್ನು ದಶಕಗಳ ಕಾಲ ಬೋಧಿಸಿದವನಿಗೆ ಯುದ್ಧಗಳ ಕಾರಣಗಳನ್ನು ಪಟ್ಟಿ ಮಾಡುವುದು ಅಭ್ಯಾಸವಾಗಿರುತ್ತದೆ. ಆದರೆ ಗೆದ್ದರೂ ಸೋತರೂ ಮನೆಗೆ ಒಂದು ಸೇರು ರಾಗಿಯೂ ಬಾರದ ಜಗಳಕ್ಕೆ ಜನರು ತಲೆತಲಾಂತರದ ಹಗೆಯನ್ನು ಏಕೆ ಕಟ್ಟಿಕೊಳ್ಳುತ್ತಾರೆ ಎಂಬುದು ಪಠ್ಯಪುಸ್ತಕದಲ್ಲಿ ಇರುವುದಿಲ್ಲ. ಅದನ್ನು ಕುರಿತು ನನಗೆ ತೋಚಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಹಿರಿಯರು ಇದಕ್ಕೆ ಒಂದು ಹೆಸರನ್ನು ಎಂದೋ ಕೊಟ್ಟಿದ್ದಾರೆ: ದಾಯಾದಿ ಮತ್ಸರ. ದಾಯವೆಂದರೆ ಹಿರಿಯರಿಂದ ಬಂದ ಆಸ್ತಿಯ ಪಾಲು. ಆ ಪಾಲಿಗೆ ಹಕ್ಕುಳ್ಳವನೇ ದಾಯಾದಿ. ಹಕ್ಕೇ ಇಲ್ಲದ ಪರಸ್ಥಳದವನೊಡನೆ ನಮಗೆ ಜಗಳ ಬರಬಹುದು, ಮತ್ಸರ ಬರುವುದಿಲ್ಲ. ಒಂದೇ ಕಣಜದಿಂದ ಅಳೆದುಕೊಳ್ಳಬೇಕಾದವರ ನಡುವೆ ಮಾತ್ರ ಅದು ಹುಟ್ಟುತ್ತದೆ. ಕೌರವರಿಗೂ ಪಾಂಡವರಿಗೂ ಭಾಷೆ, ಕುಲ, ಗುರು, ಅಜ್ಜ ಎಲ್ಲವೂ ಒಂದೇ ಆಗಿದ್ದವು. ಅಷ್ಟೆಲ್ಲ ಒಂದಾಗಿದ್ದುದರಿಂದಲೇ ಹಸ್ತಿನಾವತಿಯ ಪ್ರಶ್ನೆ ಅಷ್ಟು ಕಠಿಣವಾಯಿತು. ಯೂರೋಪಿನ ಮನೋವಿಜ್ಞಾನಿ ಸಿಗ್ಮಂಡ್ ಫ್ರಾಯ್ಡ್ ಅವರೂ ಬಹುಪಾಲು ಒಂದೇ ತೆರನಾಗಿರುವ ನೆರೆಯ ಸಮುದಾಯಗಳೇ ತಮ್ಮ ನಡುವಿನ ಅಲ್ಪ ವ್ಯತ್ಯಾಸಗಳನ್ನು ಹಿಡಿದುಕೊಂಡು ಪರಸ್ಪರ ಹೀಗಳೆಯುತ್ತವೆ ಎಂದು ಗುರುತಿಸಿದ್ದರು. ಆದರೆ ನಮ್ಮ ‘ದಾಯಾದಿ’ ಎಂಬ ಪದದಲ್ಲಿ ಇನ್ನೊಂದು ಅಂಶವೂ ಅಡಗಿದೆ. ಜಗಳ ವ್ಯತ್ಯಾಸಕ್ಕಾಗಿ ಅಲ್ಲ, ಪಾಲಿಗಾಗಿ.

ಮೊದಲು ಶಿಷ್ಯನು ಹೇಳಿದ ಅಲಬಾಮಾವನ್ನೇ ನೋಡೋಣ. ಅಲ್ಲಿಯ ಫುಟ್‌ಬಾಲ್ ನಮ್ಮ ಕಾಲ್ಚೆಂಡಾಟವಲ್ಲ, ಕಾಲಿಗಿಂತ ಕೈಗೂ ಭುಜಕ್ಕೂ ಹೆಚ್ಚು ಕೆಲಸವಿರುವ ಬೇರೊಂದು ಆಟ. ಟಸ್ಕಲೂಸಾ ಎಂಬ ಊರಿನಲ್ಲಿರುವ ಅಲಬಾಮಾ ವಿಶ್ವವಿದ್ಯಾಲಯವು 1831ರಲ್ಲಿ ಬಾಗಿಲು ತೆರೆಯಿತು. ಆಬರ್ನ್ ಎಂಬ ಊರಿನ ಕಾಲೇಜು 1872ರಲ್ಲಿ ರಾಜ್ಯದ ಬೇಸಾಯ ಮತ್ತು ಯಂತ್ರವಿದ್ಯೆಯ ಕಾಲೇಜಾಯಿತು. ಒಂದು ಹಿರಿಯ ಮನೆ, ಇನ್ನೊಂದು ಕಿರಿಯ ಮನೆ. ಎರಡೂ ಕೈಚಾಚಬೇಕಾದುದು ಒಂದೇ ರಾಜ್ಯದ ಬೊಕ್ಕಸದತ್ತ. ಎರಡರ ನಡುವಿನ ಮೊದಲ ಪಂದ್ಯ 1893ರಲ್ಲಿ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ನಡೆಯಿತು. 1907ರ ಪಂದ್ಯ ಸಮವಾಗಿ ಮುಗಿದ ಬಳಿಕ ಆಟಗಾರರ ದಿನಭತ್ಯೆ ಎಷ್ಟಿರಬೇಕು, ತೀರ್ಪುಗಾರರು ಎಲ್ಲಿಂದ ಬರಬೇಕು ಎಂಬಂತಹ ಅಲ್ಪ ವಿಷಯಗಳಿಗೆ ವಿವಾದ ಉಂಟಾಗಿ ಪಂದ್ಯವೇ ನಿಂತುಹೋಯಿತು. ಎಷ್ಟು ಕಾಲ? ಬರೋಬ್ಬರಿ 41 ವರ್ಷ! ಎರಡು ಮಹಾಯುದ್ಧಗಳು ಆಗಿಹೋದವು, ಈ ಎರಡು ಕಾಲೇಜುಗಳು ಮಾತ್ರ ಎದುರುಬದುರು ನಿಲ್ಲಲಿಲ್ಲ. ಕೊನೆಗೆ ರಾಜ್ಯದ ಶಾಸನಸಭೆಯೇ ಒತ್ತಾಯಿಸಿದ ಮೇಲೆ 1948ರಲ್ಲಿ ಪಂದ್ಯ ಮತ್ತೆ ಆರಂಭವಾಯಿತು. ಅಂದು ಬೆಳಿಗ್ಗೆ ಎರಡೂ ಕಡೆಯ ವಿದ್ಯಾರ್ಥಿ ನಾಯಕರು ಬರ್ಮಿಂಗ್‌ಹ್ಯಾಮ್‌ನ ಉದ್ಯಾನವೊಂದರಲ್ಲಿ ಗುಂಡಿ ತೋಡಿ ಒಂದು ಕೈಗೊಡಲಿಯನ್ನು ಹೂಳಿದರಂತೆ. ಹಗೆ ಮುಗಿಯಿತೆಂದು ಸಾರುವ ಅವರ ನಾಡಿನ ಪದ್ಧತಿ ಅದು.

ಕೊಡಲಿಯನ್ನು ಹೂತರೂ ಹಗೆ ಮುಗಿಯಲಿಲ್ಲ. 2010ರ ಪಂದ್ಯದಲ್ಲಿ ಆಬರ್ನ್ ತಂಡವು 24 ಅಂಕಗಳ ಹಿನ್ನಡೆಯಿಂದ ಮೇಲೆದ್ದು 28-27ರಲ್ಲಿ ಗೆದ್ದಿತು. ಆಬರ್ನ್ ಊರಿನ ಚೌಕದಲ್ಲಿ ಎರಡು ಹಳೆಯ ಓಕ್ ಮರಗಳಿದ್ದವು. ಗೆದ್ದಾಗಲೆಲ್ಲ ಜನ ಅವುಗಳ ಕೆಳಗೆ ಸೇರಿ ಸಂಭ್ರಮಿಸುವುದು ವಾಡಿಕೆ. ಆ ಪಂದ್ಯದ ಬಳಿಕ ಎದುರು ಪಕ್ಷದ ಅಭಿಮಾನಿಯೊಬ್ಬನು ಆ ಮರಗಳ ಬುಡಕ್ಕೆ ವಿಷ ಸುರಿದನು. ತಾನು ಮಾಡಿದ್ದನ್ನು ತಾನೇ ರೇಡಿಯೋ ಕಾರ್ಯಕ್ರಮವೊಂದಕ್ಕೆ ದೂರವಾಣಿ ಕರೆ ಮಾಡಿ ಹೇಳಿಕೊಂಡನು. ಮರಗಳನ್ನು ಉಳಿಸಲಾಗಲಿಲ್ಲ, 2013ರಲ್ಲಿ ಅವನ್ನು ಕಡಿಯಬೇಕಾಯಿತು. ಆತ ಸೆರೆಮನೆ ಕಂಡನು. ಮೂಕ ಮರಕ್ಕೆ ವಿಷವುಣಿಸುವಷ್ಟು ದ್ವೇಷ ಎಲ್ಲಿಂದ ಬಂದಿತು? ಅಲಬಾಮಾದಲ್ಲಿ ವೃತ್ತಿಪರ ಫುಟ್‌ಬಾಲಿನ ದೊಡ್ಡ ತಂಡವಿಲ್ಲ ಎಂಬುದನ್ನು ನಾವು ಗಮನಿಸಬೇಕು. ಇಡೀ ರಾಜ್ಯದ ಹೆಮ್ಮೆಯು ಈ ಎರಡೇ ಮನೆಗಳಲ್ಲಿ ಹಂಚಿಕೆಯಾಗಬೇಕು. ಒಬ್ಬರಿಗೆ ಹೆಚ್ಚು ಬಂದರೆ ಇನ್ನೊಬ್ಬರಿಗೆ ಅಷ್ಟು ಕಡಿಮೆ.

ಈಗ ನಮ್ಮ ದೇಶಕ್ಕೆ ಬರೋಣ. ಕೊಲ್ಕತ್ತದ ಮೋಹನ್ ಬಾಗಾನ್ ಮತ್ತು ಈಸ್ಟ್ ಬೆಂಗಾಲ್ ತಂಡಗಳ ವೈರವನ್ನು ಕೇಳದ ಫುಟ್‌ಬಾಲ್ ಪ್ರೇಮಿಯಿಲ್ಲ. ಮೋಹನ್ ಬಾಗಾನ್ 1889ರಲ್ಲಿ ಸ್ಥಾಪನೆಯಾದ ತಂಡ. 1911ರ ಜುಲೈ 29ರಂದು ಅದರ ಆಟಗಾರರು, ಒಬ್ಬರ ಹೊರತು ಎಲ್ಲರೂ ಬರಿಗಾಲಿನಲ್ಲಿ ಆಡಿ, ಬೂಟುಧಾರಿ ಬ್ರಿಟಿಷ್ ಸೈನಿಕರ ತಂಡವನ್ನು ಸೋಲಿಸಿ ಐ.ಎಫ್.ಎ. ಶೀಲ್ಡ್ ಗೆದ್ದದ್ದು ಸ್ವಾತಂತ್ರ್ಯ ಸಂಗ್ರಾಮದ ಕಥೆಗಳಲ್ಲಿ ಒಂದಾಗಿದೆ. ಒಂಬತ್ತು ವರ್ಷಗಳ ಬಳಿಕ, 1920ರಲ್ಲಿ, ಜೋಡಾಬಾಗಾನ್ ಎಂಬ ತಂಡವು ಮೋಹನ್ ಬಾಗಾನ್ ವಿರುದ್ಧದ ಪಂದ್ಯಕ್ಕೆ ಪೂರ್ವಬಂಗಾಳ ಮೂಲದ ಆಟಗಾರನೊಬ್ಬನನ್ನು ಕೈಬಿಟ್ಟಿತು. ಅದರಿಂದ ನೊಂದ ಸುರೇಶ್‌ಚಂದ್ರ ಚೌಧುರಿ ಅವರು ಹೊರಬಂದು ಇತರರೊಡನೆ ಸೇರಿ ಕಟ್ಟಿದ್ದೇ ಈಸ್ಟ್ ಬೆಂಗಾಲ್ ಕ್ಲಬ್ಬು. ‘ನಮ್ಮವನನ್ನು ಪಂಕ್ತಿಯಿಂದ ಎಬ್ಬಿಸಿದರು’ ಎಂಬ ನೋವಿನಿಂದ ಹುಟ್ಟಿದ ತಂಡವದು. ಇದಕ್ಕಿಂತ ಸ್ಪಷ್ಟವಾದ ದಾಯಾದಿ ಕಥೆ ಬೇಕೆ?

1947ರಲ್ಲಿ ದೇಶ ವಿಭಜನೆಯಾಗಿ ಲಕ್ಷಾಂತರ ಜನ ಮನೆಮಠ ಕಳೆದುಕೊಂಡು ಪೂರ್ವಬಂಗಾಳದಿಂದ ಕೊಲ್ಕತ್ತಕ್ಕೆ ಬಂದಾಗ ಈ ಹಗೆಗೆ ಆಳವಾದ ಬೇರು ಬಂದಿತು. ಮೊದಲಿನಿಂದಲೂ ಇದ್ದವರು ‘ಘೋಟಿ’ಗಳು, ಬಂದವರು ‘ಬಾಂಗಾಲ್’ಗಳು. ಇಬ್ಬರೂ ಬಂಗಾಳಿಗಳೇ. ಆದರೆ ಬಾಡಿಗೆ ಮನೆ, ಕೆಲಸ, ಶಾಲೆಯ ಪ್ರವೇಶ ಎಲ್ಲಕ್ಕೂ ಒಂದೇ ನಗರದಲ್ಲಿ ಪೈಪೋಟಿ. ಆ ಪೈಪೋಟಿಯನ್ನು ಕಚೇರಿಯಲ್ಲಿಯೂ ಪಡಸಾಲೆಯಲ್ಲಿಯೂ ಬಾಯಿಬಿಟ್ಟು ಆಡಲಾಗದು. ಮೈದಾನದಲ್ಲಿ ಆಡಬಹುದು. ಒಂದು ತಂಡ ಗೆದ್ದರೆ ಮನೆಯಲ್ಲಿ ಇಲಿಶ್ ಮೀನಿನ ಅಡುಗೆ, ಇನ್ನೊಂದು ಗೆದ್ದರೆ ಸಿಗಡಿಯ ಅಡುಗೆ. 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸ್‌ನಲ್ಲಿ ಈ ಎರಡು ತಂಡಗಳ ಪಂದ್ಯದ ವೇಳೆ ಅಭಿಮಾನಿಗಳ ನಡುವೆ ಘರ್ಷಣೆಯಾಗಿ ನೂಕುನುಗ್ಗಲಿನಲ್ಲಿ 16 ಜನ ಪ್ರಾಣ ಕಳೆದುಕೊಂಡರು. 1997ರ ಜುಲೈನಲ್ಲಿ ಫೆಡರೇಷನ್ ಕಪ್ ಸೆಮಿಫೈನಲ್ ಪಂದ್ಯಕ್ಕೆ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಸೇರಿದ್ದವರ ಸಂಖ್ಯೆ 1,31,781. ನಮ್ಮ ದೊಡ್ಡಬಳ್ಳಾಪುರ ಪಟ್ಟಣದ ಜನರೆಲ್ಲ ಹೋಗಿ ಕುಳಿತರೂ ತುಂಬದಷ್ಟು ದೊಡ್ಡ ಸಭೆ!

ಈ ಕಥೆಯಲ್ಲಿ ಕನ್ನಡ ನಾಡಿನವರಾದ ನಮಗೆ ಒಂದು ಸ್ವಾರಸ್ಯವಿದೆ. ಈಸ್ಟ್ ಬೆಂಗಾಲ್ ತಂಡದ ‘ಪಂಚಪಾಂಡವರು’ ಎಂದು ಹೆಸರಾದ ಐವರು ಮುನ್ನಡೆ ಆಟಗಾರರಲ್ಲಿ ಒಬ್ಬರಾದ ಅಹ್ಮದ್ ಖಾನ್ ನಮ್ಮ ಬೆಂಗಳೂರಿನವರು. 1948 ಮತ್ತು 1952ರ ಒಲಿಂಪಿಕ್ಸ್‌ನಲ್ಲಿ ಭಾರತಕ್ಕಾಗಿ ಆಡಿದವರು. ಅತ್ತ ಮೋಹನ್ ಬಾಗಾನ್ ತಂಡದಲ್ಲಿ ಹೆಸರು ಮಾಡಿದ ಒಲಿಂಪಿಕ್ ಆಟಗಾರ ಮರಿಯಪ್ಪ ಕೆಂಪಯ್ಯ ಅವರೂ ಬೆಂಗಳೂರಿನವರೇ. ಘೋಟಿಯೂ ಅಲ್ಲದ, ಬಾಂಗಾಲೂ ಅಲ್ಲದ ನಮ್ಮ ಹುಡುಗರು ಎರಡೂ ಕಡೆ ನಿಂತು ಆಡಿದರು, ಅವರ ಹೆಸರಿನಲ್ಲಿ ಬಂಗಾಳಿಗಳು ಕಾದಾಡಿದರು. ಆಡುವವನಿಗೆ ಇಲ್ಲದ ಹಗೆ ನೋಡುವವನಿಗೆ ಏಕಿರಬೇಕು? ಏಕೆಂದರೆ ಪಾಲಿನ ವ್ಯಾಜ್ಯ ಆಡುವವನದಲ್ಲ, ನೋಡುವವನದು.

ಹಾಗಾದರೆ ನಮ್ಮ ಬೆಂಗಳೂರಿನಲ್ಲಿಯೇ ಇಂತಹ ಫುಟ್‌ಬಾಲ್ ವೈರವೇಕೆ ಬೆಳೆಯಲಿಲ್ಲ? ಆಟಕ್ಕೇನೂ ಕೊರತೆಯಿರಲಿಲ್ಲ. ಬೆಂಗಳೂರು ಮುಸ್ಲಿಮ್ಸ್ ತಂಡವು 1937 ಮತ್ತು 1938ರಲ್ಲಿ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತ್ತು. ಮೈಸೂರು ರಾಜ್ಯದ ತಂಡವು ನಾಲ್ಕು ಬಾರಿ ಸಂತೋಷ್ ಟ್ರೋಫಿ ಗೆದ್ದುಕೊಂಡಿತ್ತು. ಆ ಬಳಿಕ ಕರ್ನಾಟಕಕ್ಕೆ ಅದು ಮತ್ತೆ ದಕ್ಕಿದ್ದು 54 ವರ್ಷಗಳ ನಂತರ, 2023ರಲ್ಲಿ. ಎಚ್.ಎ.ಎಲ್. ಮತ್ತು ಐ.ಟಿ.ಐ. ಕಾರ್ಖಾನೆಗಳ ತಂಡಗಳು ಎದುರಾದಾಗ ಕೂಗಾಟವೇನೂ ಕಡಿಮೆಯಿರುತ್ತಿರಲಿಲ್ಲ. ಆದರೆ ಅವು ಕಾರ್ಖಾನೆಯ ತಂಡಗಳು. ಆಟಗಾರನು ಕೆಲಸ ಬದಲಾಯಿಸಿದರೆ ತಂಡವೂ ಬದಲಾಗುತ್ತಿತ್ತು. ಬೆಂಬಲಿಗನ ನಿಷ್ಠೆ ನಿವೃತ್ತಿಯೊಡನೆ ಸಡಿಲವಾಗುತ್ತಿತ್ತು, ಮಗನಿಗೆ ಆಸ್ತಿಯಂತೆ ಹೋಗುತ್ತಿರಲಿಲ್ಲ. ಆ ಪಂದ್ಯದ ಮೇಲೆ ಹೇರಬಹುದಾದ ಹಳೆಯ ಪಾಲಿನ ವ್ಯಾಜ್ಯವೂ ಇರಲಿಲ್ಲ. ನಮ್ಮಲ್ಲಿ ಆ ವ್ಯಾಜ್ಯ ಮೈದಾನದಲ್ಲಿ ಅಲ್ಲ, ಟಾಕೀಸಿನಲ್ಲಿ ಹುಟ್ಟಿತು.

1954ರಲ್ಲಿ ‘ಬೇಡರ ಕಣ್ಣಪ್ಪ’ ಚಿತ್ರದಿಂದ ನಾಯಕರಾದ ಡಾ. ರಾಜ್‌ಕುಮಾರ್ ಅವರು ಮುಂದಿನ ಎರಡು ದಶಕಗಳಲ್ಲಿ ಕನ್ನಡ ಚಿತ್ರರಂಗದ ಹಿರಿಯಣ್ಣನಾದರು. ‘ಅಣ್ಣಾವ್ರು’ ಎಂಬ ಸಂಬೋಧನೆಯೇ ಅದನ್ನು ಹೇಳುತ್ತದೆ. ಅವರ ಆರಂಭದ ವರ್ಷಗಳಲ್ಲಿ ಉದಯಕುಮಾರ್, ಕಲ್ಯಾಣ್‌ಕುಮಾರ್ ಅವರೂ ಇದ್ದರು, ಮೂವರನ್ನೂ ‘ಕುಮಾರತ್ರಯರು’ ಎಂದು ಒಟ್ಟಿಗೇ ಕರೆಯುತ್ತಿದ್ದರು. ನಮ್ಮ ಬಾಲ್ಯದಲ್ಲಿ ಒಬ್ಬರ ಚಿತ್ರ ನೋಡಿದವನು ಇನ್ನೊಬ್ಬರ ಚಿತ್ರಕ್ಕೆ ಹೋಗಬಾರದೆಂಬ ಕಟ್ಟಳೆಯಿರಲಿಲ್ಲ. ಮದರಾಸಿನ ಸ್ಟುಡಿಯೋಗಳಲ್ಲಿ ತಯಾರಾಗಿ ಬರುತ್ತಿದ್ದ ಕನ್ನಡ ಚಿತ್ರಗಳೇ ವಿರಳ. ತಮಿಳು, ತೆಲುಗು, ಹಿಂದಿ ಚಿತ್ರಗಳ ನಡುವೆ ಒಂದು ಕನ್ನಡ ಚಿತ್ರ ಬಂದರೆ ಅದೇ ಹಬ್ಬ. ಕಣಜದಲ್ಲಿ ಕಾಳೇ ಕಡಿಮೆಯಿದ್ದಾಗ ಪಾಲಿನ ಮಾತು ಬರುವುದಿಲ್ಲ, ಮನೆಯವರೆಲ್ಲ ಕೂಡಿ ದುಡಿಯುತ್ತಾರೆ.

1972ರ ಡಿಸೆಂಬರ್‌ನಲ್ಲಿ ಪುಟ್ಟಣ್ಣ ಕಣಗಾಲ್ ಅವರ ‘ನಾಗರಹಾವು’ ಬಿಡುಗಡೆಯಾಯಿತು. ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿದ ಆ ಚಿತ್ರದ ರಾಮಾಚಾರಿಯ ಪಾತ್ರದಲ್ಲಿ ಮೈಸೂರಿನ ಇಪ್ಪತ್ತೆರಡು ವರ್ಷದ ತರುಣ ವಿಷ್ಣುವರ್ಧನ್ ನಾಡಿನ ಹರೆಯದವರ ಮನಸ್ಸನ್ನು ಸೆರೆಹಿಡಿದರು. ಮರುವರ್ಷವೇ, 1973ರಲ್ಲಿ, ‘ಗಂಧದ ಗುಡಿ’. ರಾಜ್‌ಕುಮಾರ್ ಮತ್ತು ವಿಷ್ಣುವರ್ಧನ್ ಒಟ್ಟಿಗೆ ನಟಿಸಿದ ಏಕೈಕ ಚಿತ್ರವದು. ಅದರಲ್ಲಿ ಒಬ್ಬರು ಅರಣ್ಯಾಧಿಕಾರಿ, ಇನ್ನೊಬ್ಬರು ಕಾಡುಗಳ್ಳರ ಪಕ್ಷದವರು. ಕಥೆಯ ಕೊನೆಗೆ ತಿಳಿಯುವುದೇನೆಂದರೆ ಅವರಿಬ್ಬರೂ ಅಗಲಿಹೋಗಿದ್ದ ಅಣ್ಣತಮ್ಮಂದಿರು! ಆದರೆ ಅದೇ ಚಿತ್ರದ ಚಿತ್ರೀಕರಣದ ಸಂದರ್ಭದಲ್ಲಿ ಬಂದೂಕಿಗೆ ಸಂಬಂಧಿಸಿದ ಪ್ರಸಂಗವೊಂದು ನಡೆಯಿತೆಂಬ ಸುದ್ದಿ ಹೊರಬಿದ್ದು, ಬಾಯಿಂದ ಬಾಯಿಗೆ ಹೋಗುತ್ತ, ಪ್ರತಿ ಊರಿನಲ್ಲಿಯೂ ಬೇರೆ ಬೇರೆ ರೂಪ ತಾಳಿತು. ತೆರೆಯ ಮೇಲೆ ಅಣ್ಣತಮ್ಮಂದಿರು ಒಂದಾದ ಚಿತ್ರವು ತೆರೆಯ ಕೆಳಗೆ ಕುಳಿತವರನ್ನು ಎರಡು ಪಾಲಾಗಿ ಒಡೆಯಿತು. ಆ ಇಬ್ಬರು ಕಲಾವಿದರು ಸಾರ್ವಜನಿಕವಾಗಿ ಒಬ್ಬರನ್ನೊಬ್ಬರು ಗೌರವದಿಂದಲೇ ಕಂಡರು. ಅಹ್ಮದ್ ಖಾನ್, ಕೆಂಪಯ್ಯ ಅವರಂತೆ ಇವರೂ ತಮ್ಮ ಹೆಸರಿನಲ್ಲಿ ನಡೆದ ಜಗಳಕ್ಕೆ ಹೊರಗಿನವರೇ.

ವದಂತಿಯೊಂದೇ ಮೂವತ್ತು ವರ್ಷ ಉರಿಯಲಾರದು, ಅದಕ್ಕೆ ಸೌದೆ ಬೇಕು. ಆ ಸೌದೆ ಹೀಗೆ ಒದಗಿತೆಂದು ನನ್ನ ಭಾವನೆ. 1982ರ ಗೋಕಾಕ್ ಚಳವಳಿಯ ನೇತೃತ್ವ ವಹಿಸಿದ ಮೇಲೆ ರಾಜ್‌ಕುಮಾರ್ ನಟರಷ್ಟೇ ಆಗಿ ಉಳಿಯಲಿಲ್ಲ, ಕನ್ನಡದ ಪ್ರತೀಕವಾದರು. ಅದು ಯೋಗ್ಯವೇ ಆಗಿತ್ತು. ಆದರೆ ಅದರಿಂದ ಇನ್ನೊಂದು ಪಕ್ಷದ ಹುಡುಗನಿಗೆ ಒಂದು ಸಂಕಟ ಬಂದಿತು. ಅವನು ತನ್ನ ನಾಯಕನನ್ನು ಮೆಚ್ಚಿದರೆ ‘ನೀನು ಕನ್ನಡದವನೇ ಅಲ್ಲವೇ’ ಎಂಬ ಮೂದಲಿಕೆ ಕೇಳಬೇಕಾಗುತ್ತಿತ್ತು. ‘ನಾನೂ ಈ ಮನೆಯವನಲ್ಲವೇ? ನನಗೂ ಪಾಲಿಲ್ಲವೇ?’ ಎಂಬ ಅವನ ಪ್ರಶ್ನೆಯು ದಾಯಾದಿಯ ಪ್ರಶ್ನೆಯೇ.

ನನ್ನ ತರಗತಿಗಳಲ್ಲಿ ನಾನು ಕಂಡದ್ದು ಇದನ್ನೇ. ಹುಡುಗರು ಅಂಕಗಣಿತದಲ್ಲಿ ಸೋತರೂ ಯಾವ ಚಿತ್ರ ಎಷ್ಟು ವಾರ ಓಡಿತು, ಯಾವುದು ನೂರು ದಿನ ಪೂರೈಸಿತು ಎಂಬ ಲೆಕ್ಕದಲ್ಲಿ ಎಂದೂ ತಪ್ಪುತ್ತಿರಲಿಲ್ಲ. ದೊಡ್ಡಬಳ್ಳಾಪುರದ ಟಾಕೀಸಿನ ಮುಂದೆ ಕಟೌಟಿನ ಎತ್ತರದಲ್ಲಿ ಸ್ಪರ್ಧೆ, ಹಾರದ ಉದ್ದದಲ್ಲಿ ಸ್ಪರ್ಧೆ. ಮೊದಲ ದಿನದ ಗಾಂಧಿ ಕ್ಲಾಸಿನಲ್ಲಿ ಎದುರು ಪಕ್ಷದವನು ಕಂಡರೆ ಬೇಹುಗಾರನೆಂದೇ ತೀರ್ಮಾನ. ತಮಾಷೆಯೆಂದರೆ, ಹಿಂದಿಯ ಅಮಿತಾಭ್ ಬಚ್ಚನ್ ಅಥವಾ ತೆಲುಗಿನ ಎನ್.ಟಿ.ಆರ್. ಅವರ ಚಿತ್ರಕ್ಕೆ ಎರಡು ಪಕ್ಷದವರೂ ಒಂದೇ ಬಸ್ಸಿನಲ್ಲಿ, ಹೆಗಲ ಮೇಲೆ ಕೈ ಹಾಕಿಕೊಂಡು ಹೋಗುತ್ತಿದ್ದರು. ಪರರ ಕೀರ್ತಿ ನಮ್ಮ ಪಾಲನ್ನು ಕಡಿಮೆ ಮಾಡುವುದಿಲ್ಲವಲ್ಲ! ಸೋಲಿನ ಮರುದಿನ ಬೆಳಿಗ್ಗೆ ಗೆದ್ದವನ ಮುಖವನ್ನು ನೋಡಬೇಕಾದುದು ನೆರೆಮನೆಯಲ್ಲಿ, ಬೋರ್‌ವೆಲ್ಲಿನ ಸರದಿಯಲ್ಲಿ, ಅದೇ ಬೆಂಚಿನಲ್ಲಿ. ಮುಂಬಯಿಯವನು ಗೆದ್ದರೆ ಅವನು ನಮ್ಮ ಬೀದಿಗೆ ಬಂದು ಮೀಸೆ ತಿರುವುವುದಿಲ್ಲ.

ಇಬ್ಬರೂ ಕಾಲವಾದ ಮೇಲೂ ಪಾಲಿನ ಲೆಕ್ಕ ಮುಗಿಯಲಿಲ್ಲ. 2006ರ ಏಪ್ರಿಲ್ 12ರಂದು ರಾಜ್‌ಕುಮಾರ್, 2009ರ ಡಿಸೆಂಬರ್ 30ರಂದು ವಿಷ್ಣುವರ್ಧನ್ ನಮ್ಮನ್ನಗಲಿದರು. ರಾಜ್‌ಕುಮಾರ್ ಅವರ ಸಮಾಧಿ ಬೆಂಗಳೂರಿನ ಕಂಠೀರವ ಸ್ಟುಡಿಯೋದಲ್ಲಿದೆ. ವಿಷ್ಣುವರ್ಧನ್ ಅವರ ಸ್ಮಾರಕ ಎಲ್ಲಿರಬೇಕೆಂಬ ವಿವಾದ ವರ್ಷಗಟ್ಟಲೆ ನಡೆದು, 2023ರ ಜನವರಿಯಲ್ಲಿ ಮೈಸೂರಿನಲ್ಲಿ ಅದು ಉದ್ಘಾಟನೆಯಾಯಿತು. ಅಂತ್ಯಸಂಸ್ಕಾರ ನಡೆದಿದ್ದ ಅಭಿಮಾನ್ ಸ್ಟುಡಿಯೋದಲ್ಲಿದ್ದ ಸಮಾಧಿಯನ್ನು 2025ರ ಆಗಸ್ಟ್‌ನಲ್ಲಿ ನೆಲಸಮ ಮಾಡಿದಾಗ ಅಭಿಮಾನಿಗಳು ಕಣ್ಣೀರಿಟ್ಟರು. ಕರ್ನಾಟಕ ರತ್ನ ಪ್ರಶಸ್ತಿಯು ರಾಜ್‌ಕುಮಾರ್ ಅವರಿಗೆ 1992ರಲ್ಲಿ, ಕುವೆಂಪು ಅವರೊಡನೆ, ಸಂದಿತ್ತು. ವಿಷ್ಣುವರ್ಧನ್ ಅವರಿಗೆ ಮರಣೋತ್ತರವಾಗಿ ಘೋಷಣೆಯಾದದ್ದು 2025ರ ಸೆಪ್ಟೆಂಬರ್‌ನಲ್ಲಿ. ಇಲ್ಲಿರುವ ಪ್ರತಿಯೊಂದು ನೋವೂ ಒಂದೇ ಸರ್ಕಾರದ, ಒಂದೇ ನಾಡಿನ ಕೈಯಿಂದ ಬರಬೇಕಾದ ಮರ್ಯಾದೆಯ ಪಾಲನ್ನು ಕುರಿತದ್ದು. ಅಲಬಾಮಾದ ಬೊಕ್ಕಸಕ್ಕೂ ಇದಕ್ಕೂ ಏನು ವ್ಯತ್ಯಾಸ?

ಪಾಲಿನ ಜಗಳವು ಅಭಿಮಾನದ ವೇಷ ಹಾಕಿಕೊಂಡು ಬರುವ ಬಗೆಯನ್ನು ನಾನು ಬಹಳ ಹತ್ತಿರದಿಂದ ನೋಡಿದ್ದೇನೆ. ನಮ್ಮ ಸಂಬಂಧಿಕರಲ್ಲಿಯೇ ಇಬ್ಬರು ಅಣ್ಣತಮ್ಮಂದಿರು ದೊಡ್ಡಬಳ್ಳಾಪುರದಲ್ಲಿ ವಿದ್ಯುತ್ ಮಗ್ಗಗಳನ್ನು ಹಾಕಿಕೊಂಡಿದ್ದರು. ಮಗ್ಗದ ಸದ್ದಿನಲ್ಲಿ ಮಾತು ಕೇಳಿಸದು, ಆದ್ದರಿಂದ ಗೋಡೆಯೇ ಮಾತನಾಡುತ್ತಿತ್ತು. ಅಣ್ಣನ ಮಗ್ಗದ ಮೇಲಿನ ಗೋಡೆಗೆ ರಾಜ್‌ಕುಮಾರ್ ಅವರ ಭಾವಚಿತ್ರ, ತಮ್ಮನ ಕಡೆಯ ಗೋಡೆಗೆ ವಿಷ್ಣುವರ್ಧನ್ ಅವರದು. ಮೊದಮೊದಲು ಇದು ತಮಾಷೆಯ ವಿಷಯವಾಗಿತ್ತು. ತಂದೆ ತೀರಿಕೊಂಡು ಮಗ್ಗದ ಮನೆಯ ಭಾಗದ ಮಾತು ಬಂದಂದಿನಿಂದ ತಮಾಷೆ ಹೋಯಿತು. ರಸ್ತೆಯ ಕಡೆಯ ಅಂಕಣ ಯಾರಿಗೆ, ಹಿತ್ತಲು ಯಾರಿಗೆ ಎಂಬುದನ್ನು ಬಾಯಿಬಿಟ್ಟು ಆಡಲು ಇಬ್ಬರಿಗೂ ಸಂಕೋಚ. ತಾಯಿ ಇನ್ನೂ ಇದ್ದರು, ನೆಂಟರು ಆಡಿಕೊಳ್ಳುತ್ತಾರೆಂಬ ಅಂಜಿಕೆ ಬೇರೆ. ಆದ್ದರಿಂದ ಅವರು ಸಿನಿಮಾದ ಹೆಸರಿನಲ್ಲಿ ಕಾದಾಡಿದರು. ಒಂದು ದಿನ ತಮ್ಮನ ಕಡೆಯ ಭಾವಚಿತ್ರಕ್ಕೆ ಯಾರೋ ಎಣ್ಣೆ ಎರಚಿದರೆಂದು ಶುರುವಾದ ಜಗಳ ಮೈಮೇಲೆ ಕೈಮಾಡುವವರೆಗೂ ಹೋಯಿತು. ಎರಡು ಮನೆಗಳ ನಡುವೆ ನೀರು ನಿಂತಿತು, ನೆರಳು ನಿಂತಿತು.

ಕೊನೆಗೆ ಊರ ಹಿರಿಯರು ಕುಳಿತು ಅಳತೆ ಮಾಡಿಸಿ, ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ವಿಭಾಗಪತ್ರ ನೋಂದಣಿಯಾಯಿತು. ಆಶ್ಚರ್ಯವೆಂದರೆ, ಅಂದಿನಿಂದ ಇಬ್ಬರಿಗೂ ಸಿನಿಮಾದ ಜಗಳದಲ್ಲಿ ಆಸಕ್ತಿಯೇ ಕುಂದಿತು. ವಿಷ್ಣುವರ್ಧನ್ ಅವರು ತೀರಿಕೊಂಡ ದಿನ ಅಣ್ಣನು ತನ್ನ ಮಗ್ಗಗಳನ್ನು ನಿಲ್ಲಿಸಿ ತಮ್ಮನ ಮನೆಗೆ ಹೋಗಿ ಟಿ.ವಿ.ಯ ಮುಂದೆ ಸಂಜೆಯವರೆಗೆ ಕುಳಿತಿದ್ದನ್ನು ನಾನೇ ನೋಡಿದೆ. ಆದರೆ ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಅಪ್ಪಂದಿರು ಬಿಟ್ಟುಕೊಟ್ಟ ಹಗೆಯನ್ನು ಮಕ್ಕಳು ಎತ್ತಿಕೊಂಡರು. ಅವರಿಗೆ ಅಂಕಣದ ವ್ಯಾಜ್ಯ ಗೊತ್ತಿಲ್ಲ, ಹಿತ್ತಲಿನ ಅಳತೆ ಗೊತ್ತಿಲ್ಲ. ಗೊತ್ತಿರುವುದು ಪಕ್ಷ ಮಾತ್ರ. ಈಗ ನಾಯಕರು ಬೇರೆ, ಜಗಳ ಕೈಯಲ್ಲಿರುವ ಫೋನಿನಲ್ಲಿ. ಕಾರಣವಿದ್ದ ಜಗಳವನ್ನು ಕಾರಣ ತೀರಿಸಿ ಮುಗಿಸಬಹುದು. ಕಾರಣ ಮರೆತುಹೋದ ಜಗಳಕ್ಕೆ ಯಾವ ಕಚೇರಿಯಲ್ಲಿ ವಿಭಾಗಪತ್ರ ಬರೆಸುವುದು?

ಪಕ್ಷಗಳೇ ಇರಬಾರದೆಂದು ನಾನು ಹೇಳುವುದಿಲ್ಲ. ಪಕ್ಷವಿಲ್ಲದೆ ರಸವಿಲ್ಲ. ನಮ್ಮ ನಾಡು ಇದನ್ನು ಚೆನ್ನಾಗಿ ಬಲ್ಲದು. ಉತ್ತರ ಕರ್ನಾಟಕದ ಲಾವಣಿಯಲ್ಲಿ ಹರದೇಶಿ, ನಾಗೇಶಿ ಎಂಬ ಎರಡು ಪಕ್ಷಗಳು ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ರಾತ್ರಿಯಿಡೀ ವಾದಿಸಿ ಹಾಡುತ್ತವೆ. ಕರಾವಳಿಯ ಯಕ್ಷಗಾನದಲ್ಲಿ ಜೋಡಾಟವೆಂಬ ಸಂಪ್ರದಾಯವಿದೆ. ಒಂದೇ ಬಯಲಿನಲ್ಲಿ ಅಕ್ಕಪಕ್ಕದ ಎರಡು ರಂಗಸ್ಥಳಗಳಲ್ಲಿ ಎರಡು ಮೇಳಗಳು ಏಕಕಾಲಕ್ಕೆ ಆಡಿ ಪ್ರೇಕ್ಷಕರನ್ನು ತಮ್ಮತ್ತ ಸೆಳೆಯಲು ಹೆಣಗುತ್ತವೆ. ಕೊಡಗಿನಲ್ಲಿ ಪಾಂಡಂಡ ಕುಟ್ಟಪ್ಪ ಅವರು 1997ರಲ್ಲಿ ಕರಡದಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಮೊದಲ ವರ್ಷ 60 ಮನೆತನಗಳು ಆಡಿದವು, 2024ರಲ್ಲಿ ನಾಪೋಕ್ಲುವಿನಲ್ಲಿ 360 ಮನೆತನಗಳು. ಅಲ್ಲಿ ಎದುರಾಳಿಯೆಂದರೆ ಭಾವನೋ ಮಾವನೋ ಆಗಿರುತ್ತಾನೆ. ಈ ಮೂರರಲ್ಲಿಯೂ ನಾನು ಕಾಣುವ ಗುಣ ಒಂದೇ. ಅಲ್ಲಿ ಎದುರಾಳಿಯಿಲ್ಲದೆ ಹಬ್ಬವೇ ಇಲ್ಲ. ನಾಗೇಶಿಯವರು ಬಾರದಿದ್ದರೆ ಹರದೇಶಿಯವರು ಯಾರಿಗೆ ಉತ್ತರ ಹಾಡಬೇಕು? ಎದುರಾಳಿಯನ್ನು ಆಮಂತ್ರಿಸಿ ಕರೆತರಬೇಕಾದ ಕಡೆ ಮತ್ಸರಕ್ಕೆ ಒಂದು ಅಂಕೆ ತಾನಾಗಿ ಬರುತ್ತದೆ.

ಅಂಕೆಯಿಲ್ಲದ ಕಡೆಯೂ ಜನ ಮನೆ ಒಂದೇ ಎಂಬುದನ್ನು ಪೂರ್ತಿ ಮರೆತಿರುವುದಿಲ್ಲ. 2024ರ ಆಗಸ್ಟ್‌ನಲ್ಲಿ ಕೊಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ತರುಣ ವೈದ್ಯೆಯ ಮೇಲೆ ಘೋರ ಕೃತ್ಯ ನಡೆದು ಆಕೆಯ ಕೊಲೆಯಾದಾಗ ನಗರವೇ ಕುದಿಯಿತು. ಅದೇ 18ರಂದು ನಡೆಯಬೇಕಿದ್ದ ಮೋಹನ್ ಬಾಗಾನ್ – ಈಸ್ಟ್ ಬೆಂಗಾಲ್ ಪಂದ್ಯವನ್ನು ರದ್ದುಪಡಿಸಿದರು. ಅಂದು ಎರಡೂ ತಂಡಗಳ ಅಭಿಮಾನಿಗಳು ತಮ್ಮ ತಮ್ಮ ಬಣ್ಣದ ಅಂಗಿ ತೊಟ್ಟು ಕ್ರೀಡಾಂಗಣದ ಹೊರಗೆ ಒಟ್ಟಾಗಿ ನಿಂತು ನ್ಯಾಯಕ್ಕಾಗಿ ಕೂಗಿದರು, ಪೊಲೀಸರ ಲಾಠಿಯನ್ನೂ ಒಟ್ಟಾಗಿಯೇ ಎದುರಿಸಿದರು. ನೂರು ವರ್ಷದ ದಾಯಾದಿಗಳು ಒಂದು ಮಗಳ ಸಾವಿನ ಮುಂದೆ ತಾವು ಒಂದೇ ಮನೆಯವರೆಂಬುದನ್ನು ನೆನಪಿಸಿಕೊಂಡರು.

ಅಷ್ಟು ದೊಡ್ಡ ದುಃಖ ಬರುವವರೆಗೆ ನಾವು ಕಾಯಬೇಕಾಗಿಲ್ಲ. ಮೇಲೆ ಹೇಳಿದ ಅಣ್ಣನ ಮಗನು ಮೊನ್ನೆ ತನ್ನ ಮಗಳ ಲಗ್ನಪತ್ರಿಕೆಯನ್ನು ನನಗೆ ತಂದುಕೊಟ್ಟನು. “ಚಿಕ್ಕಪ್ಪನ ಮನೆಗೆ ಕೊಟ್ಟೆಯೇನಪ್ಪ?” ಎಂದು ಕೇಳಿದೆ. “ಚಿಕ್ಕಪ್ಪನಿಗೆ ಕೊಟ್ಟಿದ್ದೇನೆ ಮೇಷ್ಟ್ರೇ, ಅವರ ಮಕ್ಕಳಿಗೆ ಬೇರೆ ಕೊಡಬೇಕೆ?” ಎಂದನು. ಬೇರೆ ಮನೆ ಮಾಡಿಕೊಂಡವರಿಗೆ ಬೇರೆಯಾಗಿಯೇ, ಅರಿಶಿನ ಕುಂಕುಮ ಹಚ್ಚಿದ ಪತ್ರಿಕೆಯನ್ನು ಗಂಡಹೆಂಡಿರಿಬ್ಬರೂ ಹೋಗಿ ಕೊಡುವುದು ನಮ್ಮ ಕಡೆಯ ಸಂಪ್ರದಾಯವೆಂದು ಹೇಳಿ ಕಳುಹಿಸಿದ್ದೇನೆ. ಈ ಬರಹವನ್ನು ಆ ಎರಡು ಮನೆಗಳವರೂ ಓದುತ್ತಾರೆಂದು ಬಲ್ಲೆ. ಮದುವೆ ಮುಂದಿನ ತಿಂಗಳು. ಯಾರು ಯಾವ ನಾಯಕನ ಪಕ್ಷವೆಂದು ಚಪ್ಪರದ ಬಾಗಿಲಲ್ಲಿ ಯಾರೂ ಕೇಳುವುದಿಲ್ಲ. ಎಲ್ಲರೂ ಬನ್ನಿ, ಒಂದೇ ಪಂಕ್ತಿಯಲ್ಲಿ ಕುಳಿತು ಊಟ ಮಾಡೋಣ.